ಹಳೇ ಡೆಸ್ಕ್‌ಟಾಪ್‌ಗೆ ದೊಡ್ಡ ಡಿಸ್ಕ್: ಸ್ಕ್ರೂ ಸುಲಭ, ಸ್ಕ್ರೀನ್ ಕಷ್ಟ

“ಹೊಸ ಡಿಸ್ಕ್ ಹಾಕಿದ್ದೀನಿ, ಕಂಪ್ಯೂಟರ್‌ನಲ್ಲಿ ಕಾಣಿಸ್ತಾನೇ ಇಲ್ಲ.”

ಈ ಫೋನ್ ನನಗೆ ವರ್ಷಕ್ಕೆ ನಾಲ್ಕೈದು ಸಲವಾದರೂ ಬರುತ್ತದೆ. ಹೆಚ್ಚಾಗಿ ಭಾನುವಾರ ಮಧ್ಯಾಹ್ನ, ಊಟ ಮುಗಿಸಿ ಮಲಗಿದ ಮೇಲೆ. ಡಿಸ್ಕ್ ಚೆನ್ನಾಗಿಯೇ ಇರುತ್ತದೆ, ಕೇಬಲ್ಲೂ ಸರಿಯಾಗಿಯೇ ಇರುತ್ತದೆ. ನನಗೆ ಎದೆ ಧಸಕ್ಕೆನ್ನುವುದು ಅದರ ನಂತರದ ಮಾತಿಗೆ: “ಏನೋ ಫಾರ್ಮ್ಯಾಟ್ ಮಾಡ್ಬೇಕಾ ಅಂತ ಕೇಳ್ತು, ಯೆಸ್ ಅಂದೆ.”

ಹತ್ತು ಹನ್ನೆರಡು ವರ್ಷದ ಅಸೆಂಬಲ್ಡ್ ಡೆಸ್ಕ್‌ಟಾಪ್ ಅಂತಿಟ್ಟುಕೊಳ್ಳಿ. ಒಳಗೆ 500 ಜಿಬಿ ಡಿಸ್ಕ್. ಮೊಬೈಲಿನ ಫೋಟೊ, ಮದುವೆ ವಿಡಿಯೊ ಎಲ್ಲ ತುಂಬಿ ಡ್ರೈವ್‌ಗಳ ಮುಂದೆ ಕೆಂಪು ಪಟ್ಟಿ ಬಂದಿದೆ. ಇದಕ್ಕೆ 4 ಟಿಬಿ ಡಿಸ್ಕ್ ಸೇರಿಸೋಣ. ಮೆಕ್ಯಾನಿಕ್ ಬೇಕಿಲ್ಲ, ಒಂದು ಸ್ಟಾರ್ ಸ್ಕ್ರೂಡ್ರೈವರ್ ಸಾಕು.

ಮೊದಲು ಡಬ್ಬ ತೆಗೆದು ನೋಡಿ

ಅಂಗಡಿಗೆ ಓಡುವ ಮುಂಚೆ ಕಂಪ್ಯೂಟರ್ ಆಫ್ ಮಾಡಿ, ಕರೆಂಟ್ ವೈರ್ ಕಿತ್ತು, ಪವರ್ ಬಟನ್ ಒಂದೈದು ಸೆಕೆಂಡ್ ಒತ್ತಿಹಿಡಿಯಿರಿ. ಒಳಗೆ ಉಳಿದ ಚೂರುಪಾರು ಕರೆಂಟ್ ಖಾಲಿಯಾಗಲಿ. ಮನೆಯವರೆಲ್ಲ ‘ಸಿಪಿಯು’ ಎಂದು ಕರೆಯುವ ಆ ಡಬ್ಬದ ಪಕ್ಕದ ಬಾಗಿಲನ್ನು ಬಿಚ್ಚಿ. ಧೂಳು ಕಂಡು ಗಾಬರಿಯಾಗಬೇಡಿ. ಒಣಗಿದ ಪೇಂಟ್ ಬ್ರಷ್‌ನಿಂದ ತೆಗೆಯಬಹುದು. ಒದ್ದೆ ಬಟ್ಟೆ ಮಾತ್ರ ಬೇಡ.

ಈಗ ಮೂರು ಸಂಗತಿ ನೋಡಿ. ಹಳೇ ಡಿಸ್ಕಿನ ಮೇಲೋ ಕೆಳಗೋ ಇನ್ನೊಂದು ಡಿಸ್ಕ್ ಕೂರುವ ಜಾಗ ಇದೆಯಾ? ಮದರ್‌ಬೋರ್ಡಿನಲ್ಲಿ ಖಾಲಿ ಸಾಟಾ ಪೋರ್ಟ್, ಅಂದರೆ ಡಿಸ್ಕಿನ ಕೇಬಲ್ ಚುಚ್ಚುವ ಜಾಗ, ಇದೆಯಾ? ಒಳಗೆಲ್ಲ ಕರೆಂಟ್ ಹಂಚುವ ಎಸ್‌ಎಂಪಿಎಸ್‌ನಿಂದ ಬರುವ ವೈರುಗಳಲ್ಲಿ ಅಗಲವಾದ, ಚಪ್ಪಟೆಯಾದ ಸಾಟಾ ಪವರ್ ಪಿನ್ ಒಂದಾದರೂ ಸುಮ್ನೆ ನೇತಾಡುತ್ತಿದೆಯಾ? ಡಿಸ್ಕಿಗೆ ಸಣ್ಣ ಕೇಬಲ್ ಬದಲು ಎರಡು ಇಂಚು ಅಗಲದ ಬೂದು ಪಟ್ಟಿ ಹೋಗಿದ್ದರೆ ಅದು ಸಾಟಾಗೂ ಮುಂಚಿನ ಐಡಿಇ ಕಾಲದ ಯಂತ್ರ. ಸಾಟಾ ಬಂದದ್ದೇ 2003ರ ಸುಮಾರಿಗೆ. ಅಷ್ಟು ಹಳೆಯದಾದರೆ ಸರ್ಕಸ್ ಬೇಡ, ಯುಎಸ್‌ಬಿ ಡಿಸ್ಕ್ ಕೊಳ್ಳಿ.

ಪೋರ್ಟೂ ಇಲ್ಲ, ಪವರ್ ಪಿನ್ನೂ ಇಲ್ಲ ಅಂತಾದರೆ ಒಂದು ಸುಲಭದ ದಾರಿ ಇದೆ. ಡಿವಿಡಿ ರೈಟರ್ ಕಡೆ ನೋಡಿ. ಅದನ್ನು ಕೊನೆಯ ಸಲ ಯಾವಾಗ ಬಳಸಿದಿರಿ? ಅದರ ಎರಡೂ ಕೇಬಲ್ ಕಿತ್ತು ಹೊಸ ಡಿಸ್ಕಿಗೆ ಕೊಡಿ. ನಾನು ಕಳೆದ ಐದಾರು ಕಂಪ್ಯೂಟರ್‌ಗಳಲ್ಲಿ ಇದನ್ನೇ ಮಾಡಿದ್ದೇನೆ, ಒಬ್ಬರೂ ಡಿವಿಡಿ ಎಲ್ಲಿ ಅಂತ ಕೇಳಿಲ್ಲ.

ಅಂಗಡಿಯವರು ಇದರ ಬದಲು ಹಳೇ ನಾಲ್ಕು ಪಿನ್ನಿನ ಮೋಲೆಕ್ಸ್ ವೈರನ್ನು ಸಾಟಾ ಮಾಡುವ ಕನ್ವರ್ಟರ್ ಕೊಡುತ್ತಾರೆ. ಅದರ ಸಾಟಾ ತುದಿಯನ್ನು ಕೈಯಲ್ಲಿ ಹಿಡಿದು ನೋಡಿ. ವೈರುಗಳು ಒಂದೇ ಮುದ್ದೆ ಪ್ಲಾಸ್ಟಿಕ್ಕಿನೊಳಗೆ ಹೂತು ಹೋಗಿದ್ದರೆ ವಾಪಸ್ ಕೊಟ್ಟುಬಿಡಿ. ಅಗ್ಗದ ಮಾಲಿನಲ್ಲಿ ಒಳಗಿನ ಪಿನ್ನುಗಳು ಒಂದಕ್ಕೊಂದು ತಾಗಿ ಶಾರ್ಟ್ ಆಗುತ್ತವೆ, ಕೆಲವು ಕರಗಿ ಹೊತ್ತಿಕೊಂಡದ್ದೂ ಇದೆ. ಒಂದೊಂದು ವೈರೂ ಬೇರೆ ಬೇರೆಯಾಗಿ, ಹಿಂದೆ ಮುಚ್ಚಳವಿರುವ ಪಿನ್ನಿಗೆ ಹೋಗಿರುವ ಬಗೆ ಆದರೆ ಪರವಾಗಿಲ್ಲ.

ಕೊಳ್ಳುವಾಗ

ಡೆಸ್ಕ್‌ಟಾಪ್‌ಗೆ ಬೇಕಾದ್ದು ಮೂರೂವರೆ ಇಂಚಿನ ಇಂಟರ್ನಲ್ ಡಿಸ್ಕ್. ಈಗ ಹಾರ್ಡ್ ಡಿಸ್ಕ್ ತಯಾರಿಸುವ ಕಂಪನಿಗಳು ಮೂರೇ: ಸೀಗೇಟ್, ವೆಸ್ಟರ್ನ್ ಡಿಜಿಟಲ್, ತೋಷಿಬಾ. ಕೇಳರಿಯದ ಹೆಸರಿನ ಲೇಬಲ್ ಅಂಟಿಸಿದ ಡಿಸ್ಕ್ ಅರ್ಧ ಬೆಲೆಗೆ ಸಿಕ್ಕರೆ, ಎಲ್ಲೋ ಓಡಿ ಸುಸ್ತಾದ ಡಿಸ್ಕಿಗೆ ಹೊಸ ಅಂಗಿ ತೊಡಿಸಿದ್ದಾರೆ ಅಂತಲೇ ನಾನು ಲೆಕ್ಕ ಹಾಕುತ್ತೇನೆ. ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಕೊಂಡರೂ, ಆನ್‌ಲೈನ್‌ನಲ್ಲಿ ತರಿಸಿದರೂ, ಡಿಸ್ಕಿನ ಮೇಲಿನ ಸೀರಿಯಲ್ ನಂಬರನ್ನು ಕಂಪನಿಯ ವೆಬ್‌ಸೈಟಿನಲ್ಲಿ ಹಾಕಿ ವಾರಂಟಿ ಇದೆಯಾ ಅಂತ ಅಲ್ಲೇ ನೋಡಿ. ಡಿಸ್ಕಿನಲ್ಲಿ ಡೇಟಾ ಬರೆಯುವ ಬಗೆ ಎರಡು. ಎಸ್‌ಎಂಆರ್ ಬೇಡ, ಸಾಲುಗಳು ಪಕ್ಕಪಕ್ಕ ಕೂರುವ ಸಿಎಂಆರ್ ಬೇಕು ಎನ್ನಿ. ಎಸ್‌ಎಂಆರ್‌ನಲ್ಲಿ ಡೇಟಾದ ಸಾಲುಗಳು ಹೆಂಚಿನ ಹಾಗೆ ಒಂದರ ಮೇಲೊಂದು ಅರ್ಧ ಕೂರುತ್ತವೆ. ದೊಡ್ಡ ವಿಡಿಯೊಗಳನ್ನು ಬಿಟ್ಟೂಬಿಡದೆ ಕಾಪಿ ಮಾಡುವಾಗ ಅದು ಮಧ್ಯದಲ್ಲೇ ಆಮೆಯಾಗುತ್ತದೆ.

ಕೂರಿಸುವುದು

ಡಿಸ್ಕ್ ಕವರಿನಿಂದ ತೆಗೆದ ತಕ್ಷಣ ಅದರ ಲೇಬಲ್‌ನ ಫೋಟೊ ತೆಗೆಯಿರಿ. ಹಳೇ ಡಿಸ್ಕಿನದ್ದೂ ತೆಗೆಯಿರಿ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಕ್ಯಾಬಿನೆಟ್ಟಿನ ಲೋಹ ಮುಟ್ಟಿ ಮೈಯ ಸ್ಟ್ಯಾಟಿಕ್ ಕಳೆದುಕೊಂಡು, ಡಿಸ್ಕನ್ನು ಜಾಗಕ್ಕೆ ತಳ್ಳಿ, ನಾಲ್ಕು ಸ್ಕ್ರೂ ಹಾಕಿ. ಈ ಡಿಸ್ಕಿಗೆ ಸುತ್ತು ಅಗಲವಾಗಿರುವ ಸ್ಕ್ರೂ ಬೇಕು. ಡಿವಿಡಿ ರೈಟರಿನ ಸಣ್ಣ ಸುತ್ತಿನ ಸ್ಕ್ರೂ ಹಾಕಿದರೆ ಲೊಡಲೊಡ ಅನ್ನುತ್ತದೆ.

ಕೇಬಲ್ ಚುಚ್ಚುವಾಗ ಮಾತ್ರ ಅವಸರ ಬೇಡ. ಸಾಟಾ ಪಿನ್ನಿನೊಳಗೆ ಇಣುಕಿದರೆ ಎಲ್ ಆಕಾರದ ಸಂದು ಕಾಣುತ್ತದೆ. ಡಿಸ್ಕಿನ ಕಡೆಯೂ ಅದೇ ಆಕಾರದ ಕಪ್ಪು ಪ್ಲಾಸ್ಟಿಕ್ ನಾಲಗೆ ಇರುತ್ತದೆ, ಬೆರಳುಗುರಿನಷ್ಟು ತೆಳು. ಟಾರ್ಚ್ ಹಾಕಿ ಎರಡನ್ನೂ ಹೊಂದಿಸಿ ತಳ್ಳಿ. ಉಲ್ಟಾ ಹಿಡಿದು ಜೋರು ಮಾಡಿದರೆ ಆ ನಾಲಗೆ ಟಕ್ ಅಂತ ಮುರಿದು ಕೇಬಲ್ಲಿನೊಳಗೇ ಉಳಿದುಬಿಡುತ್ತದೆ, ಚಿನ್ನದ ಬಣ್ಣದ ಪಿನ್ನುಗಳು ಬತ್ತಲೆ ನಿಲ್ಲುತ್ತವೆ. ಹಾಗೆ ಮುರಿದದ್ದಕ್ಕೆ ವಾರಂಟಿ ಸಿಗಲ್ಲ. ಕೇಬಲ್ ಕೊಳ್ಳುವುದಿದ್ದರೆ ಲೋಹದ ಕ್ಲಿಪ್ ಇರುವುದನ್ನೇ ತನ್ನಿ.

ಬಾಗಿಲು ಈಗಲೇ ಮುಚ್ಚಬೇಡಿ. ಆನ್ ಮಾಡಿ. ವಿಂಡೋಸ್ ಬದಲು ‘ಬೂಟ್ ಡಿವೈಸ್ ಇಲ್ಲ’ ಅಂತ ಇಂಗ್ಲಿಷಿನಲ್ಲಿ ಬಂದರೆ ಏನೂ ಹಾಳಾಗಿಲ್ಲ. ಹೊಸ ಡಿಸ್ಕನ್ನು ಮೊದಲ ಡಿಸ್ಕ್ ಅಂದುಕೊಂಡಿದೆ, ಅಷ್ಟೇ. ಬಯೋಸ್‌ಗೆ, ಅಂದರೆ ವಿಂಡೋಸ್ ಶುರುವಾಗುವ ಮುಂಚಿನ ಸೆಟ್ಟಿಂಗ್ ಪರದೆಗೆ ಹೋಗಿ, ಯಾವ ಡಿಸ್ಕಿನಿಂದ ಶುರುವಾಗಬೇಕು ಎಂಬ ಬೂಟ್ ಪಟ್ಟಿಯಲ್ಲಿ ಹಳೇ ಡಿಸ್ಕನ್ನು ಮೇಲೆ ತನ್ನಿ. ಅಲ್ಲೇ ಐಡಿಇ, ಎಎಚ್‌ಸಿಐ ಎಂಬ ಆಯ್ಕೆ (ಡಿಸ್ಕಿನ ಜೊತೆ ಮಾತಾಡುವ ಬಗೆ) ಕಂಡರೆ ಕೈ ಹಾಕಬೇಡಿ. ಬದಲಿಸಿದರೆ ವಿಂಡೋಸ್ ನೀಲಿ ಪರದೆ ತೋರಿಸಿ ಕೂರುತ್ತದೆ.

ಇಲ್ಲಿ ನಿಧಾನ

ಹೊಸ ಡಿಸ್ಕ್ ‘ದಿಸ್ ಪಿಸಿ’ಯಲ್ಲಿ ತಾನಾಗಿ ಕಾಣುವುದಿಲ್ಲ. ಅದು ಗೆರೆ ಹಾಕದ ಖಾಲಿ ನೋಟ್‌ಬುಕ್. ಗೆರೆ ಹಾಕುವ ಜಾಗದ ಹೆಸರು ಡಿಸ್ಕ್ ಮ್ಯಾನೇಜ್‌ಮೆಂಟ್. ವಿಂಡೋಸ್ 10 ಮತ್ತು 11ರಲ್ಲಿ ವಿಂಡೋಸ್ ಕೀ ಜೊತೆ ಎಕ್ಸ್ ಒತ್ತಿದರೆ ಮೆನುವಿನಲ್ಲಿ ಸಿಗುತ್ತದೆ. ವಿಂಡೋಸ್ 7ರಲ್ಲಿ ಕಂಪ್ಯೂಟರ್ ಐಕಾನ್ ಮೇಲೆ ರೈಟ್ ಕ್ಲಿಕ್ ಮಾಡಿ ಮ್ಯಾನೇಜ್‌ಗೆ ಹೋಗಿ.

ತೆರೆದ ಕೂಡಲೇ ಒಂದು ಪೆಟ್ಟಿಗೆ ಎದ್ದು ‘ಇನಿಶಿಯಲೈಸ್ ಡಿಸ್ಕ್’ ಎನ್ನುತ್ತದೆ. ಡಿಸ್ಕಿನ ಜಾಗದ ಲೆಕ್ಕ ಇಡಲು ಎಂಬಿಆರ್ ಬೇಕಾ, ಜಿಪಿಟಿ ಬೇಕಾ ಅಂತ ಕೇಳುತ್ತದೆ. ಜಿಪಿಟಿ ಎನ್ನಿ. ಎಂಬಿಆರ್ ಹಳೇ ಕಾಲದ ಲೆಕ್ಕ. ಅದಕ್ಕೆ 32 ಬಿಟ್‌ನಲ್ಲಿ ಎಣಿಸುವಷ್ಟೇ ಬರುತ್ತದೆ, ಹಾಗಾಗಿ ಸುಮಾರು 2 ಟಿಬಿ ದಾಟಿದ ಜಾಗ ಅದರ ಕಣ್ಣಿಗೆ ಬೀಳುವುದಿಲ್ಲ. 4 ಟಿಬಿ ಡಿಸ್ಕಿಗೆ ಎಂಬಿಆರ್ ಕೊಟ್ಟರೆ 2048 ಜಿಬಿ ಒಂದು ತುಂಡು, 1678 ಜಿಬಿ ಇನ್ನೊಂದು ತುಂಡು ಆಗುತ್ತದೆ. ಎರಡನೆಯದರ ಮೇಲೆ ಎಷ್ಟು ಕ್ಲಿಕ್ ಮಾಡಿದರೂ ಮೆನು ಮಂಕಾಗಿಯೇ ಇರುತ್ತದೆ. ಇಷ್ಟಾದ ಮೇಲೆ ಜನ “ಅಂಗಡಿಯವನು ಮೋಸ ಮಾಡಿದ” ಎನ್ನುತ್ತಾರೆ. ಮೋಸ ಇಲ್ಲ. ಡಿಸ್ಕ್ ಇನ್ನೂ ಖಾಲಿ ಇದ್ದರೆ, ಎಡಗಡೆ ಡಿಸ್ಕಿನ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ ‘ಕನ್ವರ್ಟ್ ಟು ಜಿಪಿಟಿ’ ಕೊಟ್ಟರೆ ಸರಿಹೋಗುತ್ತದೆ. ಬಯೋಸ್ ಹಳೆಯದಾದರೂ ಜಿಪಿಟಿ ಡಿಸ್ಕನ್ನು ಫೈಲ್ ಇಡಲು ಬಳಸಬಹುದು. ಅದರಿಂದ ವಿಂಡೋಸ್ ಬೂಟ್ ಮಾಡಲು ಮಾತ್ರ ಬಯೋಸ್‌ನ ಹೊಸ ಪೀಳಿಗೆಯಾದ ಯುಇಎಫ್‌ಐ ಬೇಕು. ವಿಂಡೋಸ್ ಎಕ್ಸ್‌ಪಿ ಇನ್ನೂ ಓಡಿಸುತ್ತಿದ್ದೀರಾದರೆ 2 ಟಿಬಿಗೇ ನಿಲ್ಲಿಸಿ.

ಅಂದಹಾಗೆ 4 ಟಿಬಿ ಡಿಸ್ಕ್ ಇಲ್ಲಿ 3726 ಜಿಬಿ ಅಂತ ಕಾಣುತ್ತದೆ. ಕಂಪನಿ ಸಾವಿರದ ಲೆಕ್ಕದಲ್ಲಿ ಎಣಿಸುತ್ತದೆ, ವಿಂಡೋಸ್ 1024ರ ಲೆಕ್ಕದಲ್ಲಿ. ಜಾಗ ಯಾರೂ ಕದ್ದಿಲ್ಲ.

ಇನ್ನು ಕೆಳಗಿನ ಅರ್ಧ ಪರದೆ ನೋಡಿ. ಡಿಸ್ಕ್ 0, ಡಿಸ್ಕ್ 1 ಅಂತ ಉದ್ದ ಪಟ್ಟಿಗಳು. ನೀಲಿ ತಲೆಯ ಪಟ್ಟಿ ಅಂದರೆ ಅದರಲ್ಲಿ ಸಂಸಾರ ನಡೆಯುತ್ತಿದೆ. ಕಪ್ಪು ತಲೆಯದ್ದು, ‘ಅನ್‌ಅಲೊಕೇಟೆಡ್’ ಅಂತ ಬರೆದಿರುವುದು ಖಾಲಿ ಸೈಟು. ನಿಮ್ಮ ಕೆಲಸ ಕಪ್ಪಿನ ಮೇಲೆ ಮಾತ್ರ.

ಹಾಗಾದರೆ ಗೊಂದಲ ಎಲ್ಲಿ? ನನ್ನದೇ ಕಥೆ ಕೇಳಿ. 2013ರಲ್ಲಿ ನನ್ನ ಹತ್ತಿರ ಒಂದೇ ಮಾಡೆಲ್ಲಿನ ಎರಡು 500 ಜಿಬಿ ಡಿಸ್ಕ್ ಇದ್ದವು. ಒಂದರಲ್ಲಿ ಅಕ್ಕನ ಮದುವೆಯ ಫೋಟೊ, ಇನ್ನೊಂದರಲ್ಲಿ ಬೇಡದ ಕಸ. ಕಸದ್ದು ಡಿಸ್ಕ್ 1 ಅಂತ ಹಿಂದಿನ ದಿನ ನೋಡಿಟ್ಟುಕೊಂಡಿದ್ದೆ. ರಾತ್ರಿ ಕೇಬಲ್ ಚಂದವಾಗಿ ಕಾಣಲಿ ಅಂತ ಪೋರ್ಟ್ ಬದಲಿಸಿದೆ. ಬೆಳಿಗ್ಗೆ ಡಿಸ್ಕ್ 1 ಅಳಿಸಿದೆ. ಪೋರ್ಟ್ ಬದಲಾದಾಗ ನಂಬರೂ ಬದಲಾಗಿತ್ತು. ಧಾರೆಯ ಫೋಟೊಗಳು ಈಗಲೂ ಭಾವನ ತಮ್ಮನ ಮೊಬೈಲಿನಲ್ಲಿ ತೆಗೆದ ಹನ್ನೊಂದೇ ಹನ್ನೊಂದು ಇವೆ.

ಆದ್ದರಿಂದ ಡಿಸ್ಕಿನ ನಂಬರ್ ನಂಬಬೇಡಿ. ಎಡಗಡೆ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ನಲ್ಲಿ ಮಾಡೆಲ್ ನಂಬರ್ ನೋಡಿ, ಮೊಬೈಲಿನ ಲೇಬಲ್ ಫೋಟೊ ಜೊತೆ ತಾಳೆ ಹಾಕಿ. ಎರಡೂ ಒಂದೇ ಮಾಡೆಲ್ ಆದರೆ ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ಉಚಿತ ಸಾಫ್ಟ್‌ವೇರ್ ಸೀರಿಯಲ್ ನಂಬರನ್ನೇ ತೋರಿಸುತ್ತದೆ. ಹಾಗೆಯೇ, ಹಳೇ ಡಿಸ್ಕಿನ ಮುಂದೆ ‘ರಾ’ (ವಿಂಡೋಸ್‌ಗೆ ಓದಲಾಗುತ್ತಿಲ್ಲ) ಅಂತ ಕಂಡರೆ, ‘ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು’ ಅಂತ ಪೆಟ್ಟಿಗೆ ಎದ್ದರೆ, ಕ್ಯಾನ್ಸಲ್ ಒತ್ತಿ ಕಂಪ್ಯೂಟರ್ ಆಫ್ ಮಾಡಿ. ಫೈಲುಗಳು ಬಹುಶಃ ಒಳಗೇ ಇವೆ. ಯೆಸ್ ಅಂದರೆ ಅವುಗಳನ್ನು ಹುಡುಕಿ ತೆಗೆಯುವುದು ದುಬಾರಿ ಕೆಲಸವಾಗುತ್ತದೆ.

ಕಪ್ಪು ಪಟ್ಟಿಯ ಮೇಲೆ ರೈಟ್ ಕ್ಲಿಕ್, ‘ನ್ಯೂ ಸಿಂಪಲ್ ವಾಲ್ಯೂಮ್’, ನೆಕ್ಸ್ಟ್, ನೆಕ್ಸ್ಟ್. ಫೈಲ್ ಸಿಸ್ಟಮ್ ಕೇಳಿದಲ್ಲಿ ಎನ್‌ಟಿಎಫ್‌ಎಸ್ ಇರಲಿ. ಹೆಸರು ಕೇಳಿದಾಗ ‘ನ್ಯೂ ವಾಲ್ಯೂಮ್’ ಅಂತ ಬಿಡಬೇಡಿ, ಡಿಸ್ಕನ್ನು ನಾಲ್ಕು ತುಂಡೂ ಮಾಡಬೇಡಿ. ‘ಫೋಟೊ-4ಟಿಬಿ’ ಅಂತ ಏನಾದರೂ ಗುರುತಾಗುವ ಹಾಗೆ ಇಡಿ. ‘ಕ್ವಿಕ್ ಫಾರ್ಮ್ಯಾಟ್’ ಟಿಕ್ ತೆಗೆಯಿರಿ. ಪೂರ್ತಿ ಫಾರ್ಮ್ಯಾಟ್ 4 ಟಿಬಿಗೆ ಏಳೆಂಟು ಗಂಟೆ ಹಿಡಿಯುತ್ತದೆ, ಹೌದು. ಡಿಸ್ಕಿನ ಮೂಲೆಮೂಲೆಗೂ ಒಮ್ಮೆ ಬರೆದು ನೋಡಿದಂತಾಗುತ್ತದೆ. ಕೆಟ್ಟ ಮಾಲಾದರೆ ಅಂಗಡಿಯ ಬಿಲ್ ಬಿಸಿ ಇರುವಾಗಲೇ ಗೊತ್ತಾಗಲಿ, ಅಲ್ವಾ? ಕರೆಂಟ್ ಹೋಗದ ರಾತ್ರಿ ನೋಡಿ ಹಚ್ಚಿಟ್ಟು ಮಲಗಿ. ಬೆಳಿಗ್ಗೆ ಕ್ರಿಸ್ಟಲ್‌ಡಿಸ್ಕ್‌ಇನ್ಫೊದಲ್ಲಿ ‘ರೀಅಲೊಕೇಟೆಡ್’ (ಕೆಟ್ಟದ್ದಕ್ಕೆ ಬದಲಿ ಕೊಟ್ಟ) ಮತ್ತು ‘ಪೆಂಡಿಂಗ್’ (ಅನುಮಾನದ) ಸೆಕ್ಟರುಗಳ ಎದುರಿನ ರಾ ವ್ಯಾಲ್ಯೂ ಪೂರ್ತಿ ಸೊನ್ನೆ ಇರಬೇಕು. ‘ಪವರ್ ಆನ್ ಅವರ್ಸ್’ ರಾತ್ರಿಯ ಲೆಕ್ಕಕ್ಕೆ ಹೊಂದಬೇಕು. ಹೊಸದು ಅಂತ ಕೊಟ್ಟದ್ದರಲ್ಲಿ 20,000 ಗಂಟೆ ಕಂಡರೆ ಕಾಫಿ ಕುಡಿದು ಸೀದಾ ಅಂಗಡಿಗೆ ಹೋಗಿ.

ಫೈಲ್ ಸಾಗಿಸುವುದು

ಕಟ್ ಮಾಡಬೇಡಿ, ಕಾಪಿ ಮಾಡಿ. ಫೋಟೊ, ವಿಡಿಯೊ ಫೋಲ್ಡರುಗಳನ್ನು ಹೊಸ ಡಿಸ್ಕಿಗೆ ಕಾಪಿ ಮಾಡಿ, ಎರಡೂ ಕಡೆ ಪ್ರಾಪರ್ಟೀಸ್ ತೆರೆದು ಫೈಲುಗಳ ಸಂಖ್ಯೆ ತಾಳೆ ನೋಡಿ. ಸಿ ಡ್ರೈವಿನ ವಿಂಡೋಸ್, ಪ್ರೋಗ್ರಾಂ ಫೈಲ್ಸ್ ಫೋಲ್ಡರುಗಳನ್ನು ಹೀಗೆ ಎಳೆದು ಹಾಕಿದರೆ ಅವು ಅಲ್ಲಿ ಓಡುವುದಿಲ್ಲ. ವಿಂಡೋಸನ್ನೇ ಸಾಗಿಸಬೇಕಾದರೆ ಡಿಸ್ಕನ್ನು ಇದ್ದ ಹಾಗೇ ನಕಲು ಮಾಡುವ ಕ್ಲೋನಿಂಗ್ ಸಾಫ್ಟ್‌ವೇರ್ ಬೇಕು. ಆದರೆ ತಿರುಗುವ ಡಿಸ್ಕಿಗೆ ವಿಂಡೋಸ್ ಹಾಕುವುದು ಈಗ ನನಗೆ ಒಪ್ಪಿಗೆಯಿಲ್ಲ. ಅದಕ್ಕೆ ತಿರುಗುವ ಭಾಗವೇ ಇಲ್ಲದ, 256 ಜಿಬಿಯ ಸಾಟಾ ಎಸ್‌ಎಸ್‌ಡಿ ಹಾಕಿ. ಹಳೇ ಯಂತ್ರಕ್ಕೆ ಜೀವ ಬರುವುದು ಅದರಿಂದ. ದೊಡ್ಡ ಡಿಸ್ಕ್ ಉಗ್ರಾಣವಾಗಿರಲಿ.

ಹಳೇ ಡಿಸ್ಕಿನ ಫೋಟೊಗಳನ್ನು ಒಂದು ತಿಂಗಳು ಅಳಿಸಬೇಡಿ. ಎಸ್‌ಎಸ್‌ಡಿ ಹಾಕಿ ಹಳೇ ಡಿಸ್ಕನ್ನು ಹೊರತೆಗೆದಿದ್ದರೆ ಇನ್ನೂ ಒಳ್ಳೆಯದು. ಹೊಸದು ಬಂದ ಬೂದುಬಣ್ಣದ ಕವರಿನಲ್ಲೇ ಹಾಕಿ, ಮೇಲೆ ಸ್ಕೆಚ್ ಪೆನ್ನಿನಲ್ಲಿ ‘ಫೋಟೊ ಇದೆ, ಅಳಿಸಬೇಡಿ’ ಅಂತ ತಾರೀಕು ಸಮೇತ ಬರೆದು ಬೀರುವಿನಲ್ಲಿಡಿ.

ಈಗ ಕ್ಯಾಬಿನೆಟ್ ಬಾಗಿಲು ಹಾಕಬಹುದು. ಒಂದು ಸ್ಕ್ರೂ ಉಳಿಯುತ್ತದೆ. ನನಗೂ ಪ್ರತಿ ಸಲ ಉಳಿಯುತ್ತದೆ.