ಮಳೆನಾಡಿನಲ್ಲಿ ಸ್ಥಿರ ವಿದ್ಯುತ್ ಪಾಠ ಮಾಡುವುದು

ಕಕ್ಕಡದ (ಜುಲೈ-ಆಗಸ್ಟ್ ಹೊತ್ತಿನ ಕೊಡವ ತಿಂಗಳು) ಮಳೆಯಲ್ಲಿ ಮಡಿಕೇರಿ ಕಡೆಯ ತರಗತಿಯಲ್ಲಿ ಬಾಚಣಿಗೆ ಎಷ್ಟು ಉಜ್ಜಿದರೂ ಕಾಗದದ ಚೂರು ಮಿಸುಕುವುದಿಲ್ಲ. ಹಾಗಾಗಿ ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿಕೊಡುವ ನಾನು, ಸಾಧ್ಯವಾದರೆ ಈ ಪಾಠವನ್ನು ಜನವರಿಗೆ ಇಟ್ಟುಕೊಳ್ಳುತ್ತೇನೆ. ಕಣದಲ್ಲಿ ಕಾಫಿ ಒಣಗುವ ಕಾಲ ಅದು. ಕುಶಾಲನಗರದ ಕಡೆ ಮಳೆ ಕಡಿಮೆ, ಅಲ್ಲಿನ ಮೇಷ್ಟ್ರುಗಳಿಗೆ ಈ ತಾಪತ್ರಯವೂ ಕಡಿಮೆ.

ಮಳೆಗಾಲದಲ್ಲೇ ಮಾಡಬೇಕಾಗಿ ಬಂದರೆ ಒಂದು ದೊಡ್ಡ ರಟ್ಟಿನ ಪೆಟ್ಟಿಗೆ, ಒಳಗೆ ಹಳೇ ಕಾಲದ 60 ವಾಟ್ ಬಲ್ಬು. ಎಲ್‌ಇಡಿ ಬೇಡ, ಅದು ಅಷ್ಟು ಬಿಸಿಯಾಗುವುದಿಲ್ಲ. ಬಲ್ಬು ರಟ್ಟಿಗೆ ತಾಗಬಾರದು, ಪಕ್ಕದಲ್ಲೇ ಇದ್ದು ನೋಡಿಕೊಳ್ಳಬೇಕು. ಪಿವಿಸಿ ಪೈಪಿನ ತುಂಡುಗಳು, ಉಣ್ಣೆ ಬಟ್ಟೆ, ದಾರ ಎಲ್ಲ ಅದರೊಳಗೆ ಬೆಚ್ಚಗಾಗಲಿ. ಆದರೆ ಒಂದು ಪೈಪನ್ನು ಬೇಕೆಂದೇ ಜಗಲಿಯಲ್ಲಿ ಬಿಡುತ್ತೇನೆ. ಒಣಗಿದ ಪೈಪು ಉಜ್ಜಿದರೆ ಕಾಗದ ಎಳೆಯುತ್ತದೆ, ಜಗಲಿಯದು ಎಳೆಯುವುದಿಲ್ಲ. ಯಾಕೆ? ತೇವದ ಗಾಳಿಯಿಂದ ಪೈಪಿನ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ನೀರಿನ ಪದರ ಕೂತಿರುತ್ತದೆ. ಉಜ್ಜಿದಾಗ ಪೈಪಿನಲ್ಲಿ ಸೇರುವ ವಿದ್ಯುತ್ತು, ಅಂದರೆ ಆವೇಶ, ಅದರ ಮೂಲಕ ನಮ್ಮ ಕೈಗೆ ಹರಿದು ಹೋಗುತ್ತದೆ. ಆವೇಶವನ್ನು ಹರಿಯಬಿಡುವ ವಾಹಕ, ಹರಿಯಬಿಡದ ಅವಾಹಕ ಅಂದರೇನು ಅಂತ ಬೇರೆ ಹೇಳಬೇಕಾಗುವುದಿಲ್ಲ.

ಆಮೇಲೆ ಎರಡು ಬಲೂನು ಅಕ್ಕಪಕ್ಕ ದಾರದಲ್ಲಿ ತೂಗುಹಾಕಿ ಎರಡನ್ನೂ ಉಣ್ಣೆಯಿಂದ ಉಜ್ಜುತ್ತೇನೆ. ದೂರ ಸರಿಯುತ್ತವೆ. ಉಣ್ಣೆಯ ಇಲೆಕ್ಟ್ರಾನುಗಳು ಬಲೂನಿಗೆ ದಾಟಿವೆ, ಎರಡೂ ಋಣ ಆವೇಶ ಪಡೆದಿವೆ. ಒಂದೇ ಬಗೆಯ ಆವೇಶಗಳು ಒಂದನ್ನೊಂದು ತಳ್ಳುತ್ತವೆ, ಋಣ ಮತ್ತು ಧನ ಒಂದನ್ನೊಂದು ಸೆಳೆಯುತ್ತವೆ. ಉಜ್ಜಿದ್ದರಿಂದ ಆವೇಶ ಹೊಸದಾಗಿ ಹುಟ್ಟಲಿಲ್ಲ. ಬಲೂನಿಗೆ ಸಿಕ್ಕಿದಷ್ಟೇ ಉಣ್ಣೆಗೆ ಕಡಿಮೆಯಾಗಿದೆ, ಅಷ್ಟೇ. ಧನ ಆವೇಶದ ಪ್ರೋಟಾನುಗಳು ಇದ್ದಲ್ಲೇ ಇವೆ.

ಈಗ ಬಲೂನಿನ ಹತ್ತಿರ ಬರಿಗೈ ಹಿಡಿದರೆ ಅದು ಕೈ ಕಡೆಗೇ ಬರುತ್ತದೆ. 'ಹಾಗಾದ್ರೆ ಕೈಯಲ್ಲಿ ಧನ ಆವೇಶ ಇದೆಯಾ ಸರ್?' ಈ ಪ್ರಶ್ನೆ ಬರಲೇಬೇಕು, ಬರದಿದ್ದರೆ ನಾನೇ ಕೇಳುತ್ತೇನೆ. ಕೈಯಲ್ಲಿ ಎರಡೂ ಸಮನಾಗಿವೆ. ಬಲೂನು ಹತ್ತಿರ ಬಂದಾಗ ಕೈಯ ಋಣ ಆವೇಶ ಕೊಂಚ ಹಿಂದೆ ಸರಿದು, ಎದುರಿನ ಭಾಗದಲ್ಲಿ ಧನ ಆವೇಶ ಹೆಚ್ಚಾಗುತ್ತದೆ. ಇದೇ ಪ್ರೇರಣೆ. ಆದರೆ ದೂರ ಸರಿದ ಋಣ ಆವೇಶ ಬಲೂನನ್ನು ತಳ್ಳುತ್ತಲೂ ಇದೆ ಅಲ್ವಾ? ಸೆಳೆತವೇ ಯಾಕೆ ಗೆಲ್ಲಬೇಕು? ಫ್ರೆಂಚ್ ವಿಜ್ಞಾನಿ ಕೂಲಂಬ್ 1785ರಲ್ಲಿ ಹೇಳಿದ ನಿಯಮ ಇಲ್ಲಿ ಕೆಲಸಕ್ಕೆ ಬರುತ್ತದೆ. ದೂರ ಎರಡು ಪಟ್ಟಾದರೆ ಬಲ ನಾಲ್ಕನೇ ಒಂದು ಭಾಗಕ್ಕಿಳಿಯುತ್ತದೆ. ಆದ್ದರಿಂದ ಹತ್ತಿರದ ಸೆಳೆತವೇ ಜಾಸ್ತಿ. ಸೂತ್ರವನ್ನು ನಾನು ಬೋರ್ಡಿನ ಮೇಲೆ ಬರೆಯುವುದು ಇಷ್ಟಾದ ಮೇಲೆಯೇ. ಖಾಲಿ ಅಲ್ಯೂಮಿನಿಯಂ ಕ್ಯಾನನ್ನು ನೆಲದ ಮೇಲೆ ಅಡ್ಡ ಮಲಗಿಸಿ, ಉಜ್ಜಿದ ಪೈಪು ಮುಂದೆ ಹಿಡಿದರೆ ಅದು ಹಿಂದೆಯೇ ಉರುಳಿಕೊಂಡು ಬರುತ್ತದೆ. ಕಾರಣ ಅದೇ.

ಆವೇಶದ ಅಳತೆಗೂ ಕೂಲಂಬ್ ಎಂದೇ ಹೆಸರು. ಒಂದೊಂದು ಕೂಲಂಬ್‌ನ ಎರಡು ಆವೇಶಗಳು 1 ಮೀಟರ್ ಅಂತರದಲ್ಲಿದ್ದರೆ ಬಲ ಸುಮಾರು 9×10⁹ ನ್ಯೂಟನ್. ಸುಮ್ನೆ ಊಹಿಸಿ. ಬಲೂನಿಗೆ ಅದರ ತೀರಾ ಸಣ್ಣ ಪಾಲು ಸಾಕು.

ಪರೀಕ್ಷೆಯಲ್ಲಿ ನಾನು ಬಿಡದೆ ಕೇಳುವ ಪ್ರಶ್ನೆ: ಉಜ್ಜಿದ ಪೈಪು ಒಂದು ಚೆಂಡನ್ನು ಸೆಳೆಯಿತು, ಚೆಂಡಿನಲ್ಲಿ ಆವೇಶ ಇದೆಯೇ? 'ಇದೆ' ಅಂದರೂ 'ಇಲ್ಲ' ಅಂದರೂ ಅಂಕವಿಲ್ಲ. 'ಇಷ್ಟರಿಂದಲೇ ಹೇಳಲಾಗದು, ದೂರ ತಳ್ಳಿದ್ದರೆ ಮಾತ್ರ ಖಚಿತ' ಎಂದು ಬರೆದವರಿಗೆ ಪೂರ್ತಿ ಅಂಕ.