ಆ್ಯಪ್ ಬ್ಯಾಂಕಿಗೆ ಆರ್‌ಬಿಐ ಕಡಿವಾಣ ಬಿದ್ದರೆ ಮೊದಲು ಏನು ಮಾಡಬೇಕು?

ಮೈಸೂರಿನ ದೇವರಾಜ ಮಾರುಕಟ್ಟೆಯ ಹೂವಿನ ಅಂಗಡಿ ಇರಲಿ, ಮಂಡ್ಯದ ಎಳನೀರಿನ ಗಾಡಿ ಇರಲಿ, ಕ್ಯೂಆರ್ ಕೋಡ್ ಇದ್ದೇ ಇರುತ್ತದೆ. ಬಂದ ದುಡ್ಡು ಯಾವ ಬ್ಯಾಂಕಿನಲ್ಲಿದೆ ಅಂತ ಕೇಳಿ ನೋಡಿ, ಬಹಳ ಜನ ಆ್ಯಪ್ ಹೆಸರನ್ನೇ ಹೇಳುತ್ತಾರೆ. ಆ್ಯಪ್ ಬೇರೆ, ಬ್ಯಾಂಕ್ ಬೇರೆ. ಕೆಲವು ಸಲ ಮಾತ್ರ ಎರಡೂ ಒಂದೇ ಮನೆಯವು. ಪೇಟಿಎಂ ಪೇಮೆಂಟ್ಸ್ ಬ್ಯಾಂಕ್ ಹಾಗಿತ್ತು, ಅದಕ್ಕೇ 2024ರಲ್ಲಿ ಅಷ್ಟೊಂದು ಗೊಂದಲವಾಯಿತು.

2015ರ ಆಗಸ್ಟ್‌ನಲ್ಲಿ ಆರ್‌ಬಿಐ 11 ಅರ್ಜಿದಾರರಿಗೆ ಪೇಮೆಂಟ್ಸ್ ಬ್ಯಾಂಕ್ ತೆರೆಯಲು ತಾತ್ವಿಕ ಒಪ್ಪಿಗೆ ಕೊಟ್ಟಿತು. ಮರುವರ್ಷ ನೋಟು ರದ್ದಾಯಿತು, ಚಿಲ್ಲರೆ ಸಿಗದೆ ಜನ ಮೊಬೈಲಿಗೆ ತಿರುಗಿದರು. 2017ರ ಮೇನಲ್ಲಿ ಪೇಟಿಎಂ ಪೇಮೆಂಟ್ಸ್ ಬ್ಯಾಂಕ್ ಶುರುವಾಯಿತು. ಇಂಥ ಬ್ಯಾಂಕು ಸಾಲ ಕೊಡುವ ಹಾಗಿಲ್ಲ. ಜನರ ಠೇವಣಿಯಲ್ಲಿ ಕನಿಷ್ಠ ಶೇ 75ನ್ನು ಸರ್ಕಾರಿ ಸಾಲಪತ್ರಗಳಲ್ಲೇ ಇಡಬೇಕು. ಹಾಗಾಗಿ ಸಾಲ ವಸೂಲಾಗದೆ ಮುಳುಗಿದ ಬ್ಯಾಂಕಿನ ಕಥೆ ಇದಲ್ಲ. ತೊಂದರೆ ಬಂದದ್ದು ನಿಯಮ ಪಾಲನೆಯಲ್ಲಿ. 2021ರ ಅಕ್ಟೋಬರ್‌ನಲ್ಲಿ 1 ಕೋಟಿ ರೂಪಾಯಿ ದಂಡ ಬಿತ್ತು. 2022ರ ಮಾರ್ಚ್‌ನಲ್ಲಿ ಹೊಸ ಗ್ರಾಹಕರನ್ನು ಸೇರಿಸಿಕೊಳ್ಳಬೇಡಿ ಎಂಬ ಆದೇಶ ಬಂತು. 2023ರ ಅಕ್ಟೋಬರ್‌ನಲ್ಲಿ ಮತ್ತೆ 5.39 ಕೋಟಿ ದಂಡ. ಖಾತೆಯ ಹಿಂದಿರುವ ನಿಜವಾದ ಮಾಲೀಕರು ಯಾರು ಅಂತ ಕೆಲವು ಕಡೆ ಗುರುತಿಸಿರಲಿಲ್ಲ, ವಿಡಿಯೊ ಕೆವೈಸಿಗೆ, ಅಂದರೆ ವಿಡಿಯೊ ಕರೆಯಲ್ಲಿ ಗ್ರಾಹಕರ ಗುರುತು ಪರಿಶೀಲಿಸುವುದಕ್ಕೆ, ದೇಶದ ಹೊರಗಿನಿಂದ ಸಂಪರ್ಕ ಬರುವುದನ್ನು ತಡೆದಿರಲಿಲ್ಲ, ಸೈಬರ್ ಘಟನೆಯೊಂದನ್ನು ತಡವಾಗಿ ತಿಳಿಸಿತ್ತು, ಹೀಗೆ ಕಾರಣ ಹಲವು. ಕೊನೆಗೆ 2024ರ ಜನವರಿ 31ರಂದು, ಇನ್ನು ಮುಂದೆ ಠೇವಣಿ ತೆಗೆದುಕೊಳ್ಳುವುದನ್ನೇ ನಿಲ್ಲಿಸಿ ಎಂದಿತು ಆರ್‌ಬಿಐ. ಗಡುವು ಮೊದಲು ಫೆಬ್ರವರಿ 29 ಇತ್ತು, ಆಮೇಲೆ ಮಾರ್ಚ್ 15 ಆಯಿತು. ಕ್ರಮ ಸರಿಯೇ ಇತ್ತು. ಆದರೆ ಹಳ್ಳಿಯಲ್ಲಿ ಕೂತು ಎಲ್ಲವನ್ನೂ ಆ ಒಂದು ಖಾತೆಗೇ ಜೋಡಿಸಿಕೊಂಡವರಿಗೆ ಒಂದೂವರೆ ತಿಂಗಳು ಸಾಲುವುದಿಲ್ಲ.

ಆವತ್ತು ಎಲ್ಲರೂ ಗಾಬರಿಯಾದದ್ದು ಖಾತೆಯಲ್ಲಿರುವ ದುಡ್ಡಿಗೆ. ಅದನ್ನು ತೆಗೆಯುವುದಕ್ಕೆ ಆರ್‌ಬಿಐ ಯಾವ ಅಡ್ಡಿಯನ್ನೂ ಮಾಡಿರಲಿಲ್ಲ, ಗಡುವು ಮುಗಿದ ಮೇಲೂ ತೆಗೆಯಬಹುದಿತ್ತು. ನಿಂತು ಹೋದದ್ದು ಒಳಗೆ ಬರುವ ದುಡ್ಡು: ಸಂಬಳ, ಸಬ್ಸಿಡಿ, ಎಲ್ಲ. ಹಾಗಾಗಿ ಇಂಥ ಸುದ್ದಿ ಬಂದರೆ ಮೊದಲು ಬರುವ ದುಡ್ಡಿನ ದಾರಿ ತಿರುಗಿಸಿ. ಇರುವ ದುಡ್ಡನ್ನು ಆಮೇಲೆ ತೆಗೆದರಾಯಿತು.

ನಿಮ್ಮ ಬ್ಯಾಂಕ್ ಯಾವುದು?

ಆ್ಯಪ್‌ನಲ್ಲಿ ಖಾತೆಯ ವಿವರ ತೆರೆದು ಐಎಫ್‌ಎಸ್‌ಸಿ ಕೋಡ್ ನೋಡಿ. ಮೊದಲ ನಾಲ್ಕು ಅಕ್ಷರ ಬ್ಯಾಂಕಿನ ಗುರುತು. ಜುಪಿಟರ್ ಆ್ಯಪ್‌ನ ಉಳಿತಾಯ ಖಾತೆ ತೆರೆದವರದ್ದು ನಿಜವಾಗಿ ಫೆಡರಲ್ ಬ್ಯಾಂಕಿನ ಖಾತೆ. ಪೇಮೆಂಟ್ಸ್ ಬ್ಯಾಂಕ್ ಆಗಿದ್ದರೆ ದಿನದ ಕೊನೆಗೆ 2 ಲಕ್ಷಕ್ಕಿಂತ ಜಾಸ್ತಿ ಇಡಲು ಬರುವುದಿಲ್ಲ. ಬ್ಯಾಂಕ್ ಖಾತೆಯ ದುಡ್ಡಿಗೆ 5 ಲಕ್ಷದವರೆಗೆ ಠೇವಣಿ ವಿಮೆ ಇದೆ, ವ್ಯಾಲೆಟ್‌ನಲ್ಲಿರುವ, ಅಂದರೆ ಖರ್ಚಿಗೆಂದು ಆ್ಯಪ್‌ನಲ್ಲಿ ಮೊದಲೇ ತುಂಬಿಸಿಟ್ಟ, ದುಡ್ಡಿಗೆ ಇಲ್ಲ. ವ್ಯಾಲೆಟ್‌ನಲ್ಲಿ ಸುಮ್ನೆ ಸಾವಿರಗಟ್ಟಲೆ ಇಟ್ಟುಕೊಳ್ಳಬೇಡಿ.

ಆಧಾರ್ ಎಲ್ಲಿಗೆ ಜೋಡಿಯಾಗಿದೆ?

ಇದು ಎಲ್ಲಕ್ಕಿಂತ ಮುಖ್ಯ. ಗೃಹಲಕ್ಷ್ಮಿಯ 2,000 ರೂಪಾಯಿ ಇರಲಿ, ಪಿಎಂ ಕಿಸಾನ್ ಇರಲಿ, ಆಧಾರ್ ಆಧಾರಿತ ಡಿಬಿಟಿ (ಸರ್ಕಾರ ನೇರವಾಗಿ ಖಾತೆಗೆ ಹಾಕುವ) ದುಡ್ಡು ಹೋಗುವುದು ಒಂದೇ ಬ್ಯಾಂಕಿಗೆ. ಕೆವೈಸಿಗೆ ಹತ್ತು ಬ್ಯಾಂಕಿಗೆ ಆಧಾರ್ ಕೊಟ್ಟಿರಬಹುದು, ಆದರೆ ಕೊನೆಯದಾಗಿ ಯಾವ ಬ್ಯಾಂಕಿಗೆ ಸೀಡಿಂಗ್ (ಡಿಬಿಟಿ ದುಡ್ಡಿಗಾಗಿ ಆಧಾರ್ ಜೋಡಣೆ) ಆಗಿದೆಯೋ ಅಲ್ಲಿಗೇ ದುಡ್ಡು. 2017ರಲ್ಲಿ ಏರ್‌ಟೆಲ್ ಪೇಮೆಂಟ್ಸ್ ಬ್ಯಾಂಕಿನಲ್ಲಿ ಆದದ್ದು ಇದೇ. ಸಿಮ್‌ಗೆ ಆಧಾರ್ ಕೊಟ್ಟ ಲಕ್ಷಾಂತರ ಜನರ ಗ್ಯಾಸ್ ಸಬ್ಸಿಡಿ, ಅವರಿಗೇ ಗೊತ್ತಿಲ್ಲದ ಖಾತೆಗೆ ಹೋಯಿತು. 2018ರಲ್ಲಿ ಆರ್‌ಬಿಐ 5 ಕೋಟಿ ದಂಡ ಹಾಕಿತು.

ನೋಡುವುದು ಹೀಗೆ: ಮೈಆಧಾರ್ ವೆಬ್‌ಸೈಟಿಗೆ ಹೋಗಿ, ಆಧಾರ್ ಸಂಖ್ಯೆ ಮತ್ತು ಮೊಬೈಲಿಗೆ ಬರುವ ಒಟಿಪಿ ಹಾಕಿ ಒಳಗೆ ಹೋದರೆ 'ಬ್ಯಾಂಕ್ ಸೀಡಿಂಗ್ ಸ್ಟೇಟಸ್' ಅಂತ ಇರುತ್ತದೆ. ಒತ್ತಿದರೆ ಬ್ಯಾಂಕಿನ ಹೆಸರು, ಸೀಡಿಂಗ್ ಸಕ್ರಿಯವಾಗಿದೆಯೇ ಎಂಬುದು ಕಾಣುತ್ತದೆ. ಬದಲಿಸಬೇಕಾದರೆ ನಿಮಗೆ ಬೇಕಾದ ಬ್ಯಾಂಕಿನ ಶಾಖೆಗೆ ಹೋಗಿ ಆಧಾರ್ ಸೀಡಿಂಗ್ ಫಾರಂ ಕೇಳಿ. ಫಾರಂನಲ್ಲಿ ಹಳೆಯ ಬ್ಯಾಂಕಿನ ಹೆಸರು ಬರೆದು, ಅಲ್ಲಿಂದ ಬದಲಿಸಿ ಎಂಬ ಕಡೆ ಗುರುತು ಹಾಕಿ. 'ಸಾರ್, ಆಧಾರ್ ಲಿಂಕ್ ಮಾಡಿ' ಅಂತಷ್ಟೇ ಹೇಳಿದರೆ ಕೆವೈಸಿ ಮಾತ್ರ ಮಾಡಿ ಕಳಿಸುವುದುಂಟು. 'ಡಿಬಿಟಿಗೆ ಸೀಡಿಂಗ್ ಮಾಡಿ' ಅಂತಲೇ ಹೇಳಿ. ಕೆಲವು ದಿನ ಬಿಟ್ಟು ಅದೇ ಪುಟದಲ್ಲಿ ಮತ್ತೆ ನೋಡಿ. ಮನೆಯ ಹಿರಿಯರದ್ದು ನೀವೇ ಕೂತು ನೋಡಿಕೊಡಿ.

ಹಾಲಿನ ಬಟವಾಡೆಯ ದಾರಿ ಬೇರೆ. ಅಲ್ಲಿ ಖಾತೆ ನಂಬರ್ ಕೊಟ್ಟಿದ್ದರೆ ಆಧಾರ್ ಬದಲಿಸಿದರೆ ಸಾಲದು, ಡೈರಿ ಕಾರ್ಯದರ್ಶಿಗೆ ಹೊಸ ಪಾಸ್‌ಬುಕ್ಕಿನ ಜೆರಾಕ್ಸ್ ಕೊಡಬೇಕು.

ಅಂಗಡಿ ಮತ್ತು ಗಾಡಿ

ಅಂಗಡಿಯವರು ಸೌಂಡ್‌ಬಾಕ್ಸ್ ಎಸೆಯಬೇಕಿಲ್ಲ. ಕ್ಯೂಆರ್‌ಗೆ ಬಂದ ದುಡ್ಡು ಬೇರೆ ಬ್ಯಾಂಕಿನ ಖಾತೆಗೆ ಜಮೆ ಆಗುತ್ತಿದ್ದವರಿಗೆ 2024ರಲ್ಲೂ ಏನೂ ನಿಲ್ಲಲಿಲ್ಲ. ಜಮೆ ಖಾತೆ ಯಾವುದು ಅಂತ ಆ್ಯಪ್‌ನಲ್ಲಿ ನೋಡಿ, ಬೇಕಿದ್ದರೆ ಬದಲಿಸಿ.

ಗಣಂಗೂರು ಟೋಲ್ ದಾಟಿ ಓಡಾಡುವವರು ಫಾಸ್ಟ್ಯಾಗ್ ಮರೆಯಬಾರದು. 2024ರಲ್ಲಿ ಪೇಟಿಎಂ ಪೇಮೆಂಟ್ಸ್ ಬ್ಯಾಂಕಿನ ಟ್ಯಾಗ್‌ನಲ್ಲಿ ಇದ್ದ ಬ್ಯಾಲೆನ್ಸ್ ಬಳಸಬಹುದಿತ್ತು, ಹೊಸದಾಗಿ ತುಂಬಿಸಲು ಬರುತ್ತಿರಲಿಲ್ಲ. ಬ್ಯಾಲೆನ್ಸನ್ನು ಬೇರೆ ಟ್ಯಾಗ್‌ಗೆ ವರ್ಗಾಯಿಸಲೂ ಆಗುತ್ತಿರಲಿಲ್ಲ. ಹಳೆಯದನ್ನು ಮುಚ್ಚಿ, ಉಳಿದ ದುಡ್ಡು ವಾಪಸ್ ಕೇಳಿ, ಬೇರೆ ಬ್ಯಾಂಕಿನದು ಅಂಟಿಸಬೇಕಿತ್ತು. ವಿಮೆ ಕಂತು, ಸಾಲದ ಕಂತು ತಾನಾಗಿ ಕಡಿತವಾಗುತ್ತಿದ್ದರೆ ಅದನ್ನೂ ಹೊಸ ಖಾತೆಗೆ ಬದಲಿಸಿ.

ಇಷ್ಟಾದ ಮೇಲೆ ಉಳಿದ ದುಡ್ಡು ತೆಗೆಯಿರಿ, ಸ್ಟೇಟ್‌ಮೆಂಟ್ ಇಳಿಸಿಕೊಳ್ಳಿ. ಇಂಥ ಹೊತ್ತಿನಲ್ಲೇ 'ನಿಮ್ಮ ಕೆವೈಸಿ ಮುಗಿದಿದೆ' ಅಂತ ಕಳ್ಳ ಕರೆಗಳು ಜಾಸ್ತಿ ಬರುತ್ತವೆ, ಒಟಿಪಿ ಕೇಳಿದರೆ ಫೋನ್ ಇಟ್ಟುಬಿಡಿ. ದುಡ್ಡು ಹೋಗಿಬಿಟ್ಟರೆ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬ್ಯಾಂಕೇ ಸತಾಯಿಸುತ್ತಿದ್ದರೆ ಮೊದಲು ಅವರಿಗೇ ಬರವಣಿಗೆಯಲ್ಲಿ ದೂರು ಕೊಟ್ಟು ನಂಬರ್ ಪಡೆಯಿರಿ. 30 ದಿನದಲ್ಲಿ ಉತ್ತರ ಬರದಿದ್ದರೆ ಅದೇ ನಂಬರ್ ಹಾಕಿ ಬ್ಯಾಂಕ್ ಗ್ರಾಹಕರ ದೂರು ಕೇಳುವ ಆರ್‌ಬಿಐ ಒಂಬುಡ್ಸ್‌ಮನ್‌ಗೆ ಆನ್‌ಲೈನ್‌ನಲ್ಲಿ ದೂರು ಸಲ್ಲಿಸಬಹುದು, ದುಡ್ಡೇನೂ ಕಟ್ಟಬೇಕಿಲ್ಲ. ಹೇಗೆ ಅಂತ ತಿಳಿಯದಿದ್ದರೆ ಆರ್‌ಬಿಐ ಸಹಾಯವಾಣಿ 14448ಕ್ಕೆ ಫೋನ್ ಮಾಡಿ.