ಊರು ಬೇರೆ, ಹಾಡು ಒಂದೇ: ದೂರದಲ್ಲಿದ್ದುಕೊಂಡೇ ಸಮೂಹ ಗಾಯನ

ತಂಡದ ಒಬ್ಬರು ಮಗಳ ಮನೆಗೆಂದು ದುಬೈಗೆ ಹೋಗಿದ್ದಾರೆ, ಇನ್ನೊಬ್ಬರಿಗೆ ಪುಣೆಗೆ ವರ್ಗವಾಗಿದೆ, ಉಳಿದವರು ಶಿವಮೊಗ್ಗದಲ್ಲೇ ಇದ್ದಾರೆ. ರಾಜ್ಯೋತ್ಸವಕ್ಕೆ ಎಲ್ಲರೂ ಸೇರಿ ಹಾಡಬಹುದೇ? ಖಂಡಿತ ಹಾಡಬಹುದು. ಆದರೆ ವಿಡಿಯೊ ಕಾಲ್‌ನಲ್ಲಿ ಅಲ್ಲ.

ಕಾಲ್‌ನಲ್ಲಿ ದನಿ ಆ ಕಡೆ ಮುಟ್ಟುವುದು ತಡ. ಈ ತಡ 30 ಮಿಲಿಸೆಕೆಂಡ್ ದಾಟಿದರೆ ಒಬ್ಬರು ಇನ್ನೊಬ್ಬರಿಗೆ ಕಾಯುತ್ತಾರೆ, ಹಾಡು ಎಳೆಯುತ್ತಾ ಹೋಗುತ್ತದೆ. ಕಾಲ್‌ನಲ್ಲಿ ಅದು 100 ದಾಟುವುದು ಮಾಮೂಲು. ಜಾಮುಲಸ್, ಜ್ಯಾಕ್‌ಟ್ರಿಪ್‌ನಂಥ ತಂತ್ರಾಂಶಗಳು ತಡವನ್ನು ತಗ್ಗಿಸುತ್ತವೆ ನಿಜ. ಅವು ಹತ್ತಿರದ ಊರುಗಳವರಿಗೆ, ವೈಫೈ ಬದಲು ಕೇಬಲ್‌ನಲ್ಲೇ ಇಂಟರ್‌ನೆಟ್ ಜೋಡಿಸಿಕೊಂಡವರಿಗೆ ಸರಿ. ದೂರದವರಿಗೆ ಒಂದೇ ದಾರಿ: ಅವರವರ ಮನೆಯಲ್ಲಿ ರೆಕಾರ್ಡ್ ಮಾಡಿ, ಆಮೇಲೆ ಕೂಡಿಸುವುದು. 2010ರಲ್ಲಿ ಅಮೆರಿಕದ ಸಂಗೀತಗಾರ ಎರಿಕ್ ವಿಟೇಕರ್ 12 ದೇಶಗಳ 185 ಜನರ ದನಿಯನ್ನು ಹೀಗೇ ಸೇರಿಸಿದರು. ತಾವು ಕೈಸನ್ನೆ ಮಾಡುವ ವಿಡಿಯೊವನ್ನು ಎಲ್ಲರಿಗೂ ಕೊಟ್ಟಿದ್ದರು.

ಮೊದಲ ಕೆಲಸ, ಮಾದರಿ ಹಾಡು

ಇಡೀ ಕೆಲಸದ ಜೀವ ಇದರಲ್ಲೇ ಇದೆ. ಇದಕ್ಕೆ ಒಂದು ವಾರ ಹಿಡಿದರೂ ಹಿಡಿಯಲಿ. ಚಿಕ್ಕ ಹಾಡು ಆರಿಸಿ. ಸರ್ಕಾರ ನಾಡಗೀತೆಗೆ ನಿಗದಿ ಮಾಡಿರುವ ಎರಡೂವರೆ ನಿಮಿಷ ಒಳ್ಳೆಯ ಅಳತೆ. ಹೆಂಗಸರಿಗೂ ಗಂಡಸರಿಗೂ ಒಗ್ಗುವ ಶ್ರುತಿ ಗೊತ್ತುಮಾಡಿ. ತಂಬೂರ ಮತ್ತು ತಾಳದ ಜೊತೆ, ಚೆನ್ನಾಗಿ ಹಾಡುವ ಒಬ್ಬರಿಂದ ಹಾಡಿಸಿ ರೆಕಾರ್ಡ್ ಮಾಡಿ. ಉಳಿದವರೆಲ್ಲ ಇದನ್ನೇ ಕೇಳುತ್ತಾ ಹಾಡಬೇಕು. ಉಸಿರು ಎಲ್ಲಿ ತೆಗೆದುಕೊಳ್ಳಬೇಕು, ಸಾಲಿನ ಕೊನೆಯ ಅಕ್ಷರ ಎಷ್ಟು ಹೊತ್ತು ಎಳೆಯಬೇಕು, ಎಲ್ಲವೂ ಅದರಲ್ಲೇ ತೀರ್ಮಾನವಾಗಿರಬೇಕು. ಶುರುವಿಗೆ ನಾಲ್ಕು ಎಣಿಕೆ ಇರಲಿ.

ಆಮೇಲೆ ಕಾಲ್‌ನಲ್ಲಿ ಅಭ್ಯಾಸ ಮಾಡಿ. ಹೇಳಿಕೊಡುವವರ ಮೈಕ್ ಮಾತ್ರ ತೆರೆದಿರಲಿ, ಉಳಿದವರು ಮ್ಯೂಟ್‌ನಲ್ಲೇ ಹಾಡಲಿ. ‘ಸ’, ‘ಶ’ ಅಕ್ಷರಗಳನ್ನು ಮೆತ್ತಗೆ ಹೇಳಲು ತಿಳಿಸಿ. ಇಲ್ಲದಿದ್ದರೆ ಕೂಡಿಸುವಾಗ ಅವು ಪಟಪಟನೆ ಒಂದರ ಹಿಂದೆ ಒಂದು ಕೇಳಿಸುತ್ತವೆ.

ಮನೆಯಲ್ಲಿ ರೆಕಾರ್ಡಿಂಗ್

ಎರಡು ಫೋನ್ ಬೇಕು. ಒಂದರಲ್ಲಿ ಮಾದರಿ ಹಾಡು ಕೇಳುವುದು, ಇನ್ನೊಂದರಲ್ಲಿ ರೆಕಾರ್ಡ್ ಮಾಡುವುದು. ಇಯರ್‌ಫೋನ್ ವೈರಿನದ್ದೇ ಆಗಿರಲಿ, ಬ್ಲೂಟೂತ್ ಬೇಡ, ಅದರಲ್ಲೂ ತಡವಾಗುತ್ತದೆ. ಒಂದು ಕಿವಿ ಖಾಲಿ ಬಿಡಿ, ನಿಮ್ಮ ಶ್ರುತಿ ನಿಮಗೇ ಕೇಳಬೇಕು ಅಲ್ವಾ? ಫ್ಯಾನ್ ಆರಿಸಿ. ಬಟ್ಟೆ, ಹಾಸಿಗೆ ಜಾಸ್ತಿ ಇರುವ ಕೋಣೆಯಲ್ಲಿ ದನಿ ಕಡಿಮೆ ಮಾರ್ದನಿಸುತ್ತದೆ. ನಾಲ್ಕನೇ ಎಣಿಕೆಗೆ ಒಮ್ಮೆ ಚಪ್ಪಾಳೆ ಹೊಡೆಯಿರಿ. ಹಾಡು ಮುಗಿದ ಮೇಲೆ ಐದು ಸೆಕೆಂಡ್ ಸುಮ್ನೆ ನಿಲ್ಲಿ. ಆ ಮೌನದಿಂದಲೇ ಕೋಣೆಯ ಗುಂಯ್ ಸದ್ದನ್ನು ಗುರುತಿಸಿ ತೆಗೆಯಬಹುದು. ವಾಟ್ಸ್ಆ್ಯಪ್‌ನಲ್ಲಿ ಕಳಿಸುವುದಾದರೆ ಡಾಕ್ಯುಮೆಂಟ್ ಆಗಿ ಕಳಿಸಿ, ಗುಣಮಟ್ಟ ಕೆಡುವುದಿಲ್ಲ.

ಕೂಡಿಸುವುದು

ದನಿಗಳನ್ನು ಜೋಡಿಸಲು ಉಚಿತವಾಗಿ ಸಿಗುವ ಆಡಾಸಿಟಿ ಎಂಬ ತಂತ್ರಾಂಶ ಸಾಕು. ಎಲ್ಲರ ಚಪ್ಪಾಳೆಯನ್ನು ಒಂದೇ ಗೆರೆಗೆ ತಂದು, ಆಮೇಲೆ ಅದನ್ನು ಕತ್ತರಿಸಿ. ದನಿಗಳನ್ನು ಸ್ವಲ್ಪ ಎಡಕ್ಕೆ, ಸ್ವಲ್ಪ ಬಲಕ್ಕೆ ಹಂಚಿ. ಕೊನೆಗೆ ಎಲ್ಲದಕ್ಕೂ ಸೇರಿಸಿ ಒಂದೇ ಹದದ ರಿವರ್ಬ್ (ಮಾರ್ದನಿಯ ಪರಿಣಾಮ) ಕೊಟ್ಟರೆ, ಹತ್ತು ಮನೆಗಳ ದನಿ ಒಂದೇ ಸಭಾಂಗಣದಲ್ಲಿ ಹಾಡಿದಂತೆ ಕೇಳುತ್ತದೆ.

ನಡುಗುವ ದನಿ, ಸ್ವಲ್ಪ ಶ್ರುತಿ ಜಾರುವ ದನಿ ಇದ್ದೇ ಇರುತ್ತದೆ. ಅದನ್ನು ದಯವಿಟ್ಟು ತೆಗೆದುಹಾಕಬೇಡಿ. ತುಸು ತಗ್ಗಿಸಿ, ಗಟ್ಟಿ ದನಿಯ ಪಕ್ಕಕ್ಕೆ ಇಡಿ. ಇದು ಊರಿನವರ ತಂಡ, ಸ್ಪರ್ಧೆಯಲ್ಲ. ಎಲ್ಲೂ ಹಾಕುವ ಮುಂಚೆ ತಂಡದವರಿಗೆ ಕೇಳಿಸಿ, ಎಲ್ಲರಿಂದಲೂ ಒಪ್ಪಿಗೆ ಪಡೆಯಿರಿ. ಮಕ್ಕಳ ಮುಖ ತೋರಿಸುವುದಾದರೆ ಅಪ್ಪ ಅಮ್ಮನನ್ನೂ ಕೇಳಿ.